ಪರರ ಗಂಟಿನ ಔದಾರ್ಯ

ಬಸರೀಕಟ್ಟೆಯಿಂದ ಕೊಪ್ಪದ ಬಟ್ಟೆಯಂಗಡಿಗೆ ಬಂದ ಗಿರಾಕಿಗೆ, ಪರಿಚಯದ ನೌಕರನು ತನಗೆ ಮೀಸಲಾದ ರಿಯಾಯಿತಿಯಲ್ಲಿ ಬಿಲ್ಲು ಬರೆದುಕೊಟ್ಟರೆ ಅದನ್ನು ಉಪಕಾರವೆಂದು ಕೊಂಡಾಡುವುದುಂಟು. ‘ಧಣಿಗೆ ಇದರಿಂದ ಏನು ನಷ್ಟ?’ ಎಂಬುದು ಸಿದ್ಧ ಉತ್ತರ.

ಈ ಉತ್ತರ ನಿಲ್ಲದು. ರಿಯಾಯಿತಿಯು ನೌಕರನ ಮನೆಮಂದಿಗೆಂದು ಕೊಟ್ಟದ್ದು. ಹೊರಗೆ ಹಂಚಲು ಅವನಿಗೆ ಒಡೆತನವೇ ಇಲ್ಲ. ಒಡೆತನವಿಲ್ಲದ್ದನ್ನು ಕೊಟ್ಟರೆ ಅದು ದಾನ ಹೇಗಾದೀತು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ 5 ಅತಿಚಾರಗಳನ್ನು ಎಣಿಸುವಾಗ, ಕದ್ದ ವಸ್ತುವನ್ನು ಕೊಳ್ಳುವವನನ್ನೂ ಬಿಟ್ಟಿಲ್ಲ. ಆದುದರಿಂದ ಗಿರಾಕಿಯೂ ನಿರ್ದೋಷಿಯಲ್ಲ. 1948ರಲ್ಲಿ ಆರಂಭವಾದ ಸೈನಿಕರ ಕ್ಯಾಂಟೀನಿನ ಸಾಮಾನನ್ನು ನೆಂಟರ ಕಾರ್ಡಿನಿಂದ ತರಿಸಿಕೊಂಡು ಹೆಮ್ಮೆಪಡುವವರಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ತೆರಿಗೆಯ ವಿನಾಯಿತಿಯೂ ಸೇರಿರುವುದರಿಂದ ನಷ್ಟ ನಾಡಿನ ಬೊಕ್ಕಸಕ್ಕೆ.

ಆದರೆ ಸಂಗತಿ ಬಯಲಾದ ದಿನ ಕೆಲಸ ಕಳೆದುಕೊಳ್ಳುವವನು ನೌಕರನೊಬ್ಬನೇ. ಉಪಕಾರ ಪಡೆದವರಾರೂ ಅಂದು ಅಂಗಡಿಯ ಮೆಟ್ಟಿಲು ಹತ್ತಿ ಅವನ ಪರವಾಗಿ ಮಾತನಾಡುವುದಿಲ್ಲ. ಸಂಬಳ ಏರಿಸೆಂದರೆ ರಿಯಾಯಿತಿಯನ್ನು ತೋರಿಸುವ ಧಣಿಯಾದರೂ ಶುದ್ಧನೇ? ಹಬ್ಬಕ್ಕೊಮ್ಮೆ ಬಟ್ಟೆ ಕೊಳ್ಳುವವನ ಮನೆಗೆ ಆ ರಿಯಾಯಿತಿಯಿಂದ ಅಕ್ಕಿ ಬರುವುದಿಲ್ಲ. ಅದೇ ಐದು ಅತಿಚಾರಗಳಲ್ಲಿ ಕಳ್ಳ ಅಳತೆಯೂ ಒಂದು. ದುಡಿಮೆಗೆ ಕೊರೆಯಾಗಿ ಅಳೆದುಕೊಡುವುದು ಅದರ ಹೊರಗುಳಿಯುತ್ತದೆಂದು ಯಾವ ಧಣಿಯೂ ವಾದಿಸಲಾರ.

ಇನ್ನು ಗಿರಾಕಿಗೆ ಬೆಲೆ ಇಳಿಯಬೇಕಿದ್ದರೆ ಧಣಿಯನ್ನೇ ಕೇಳಲಿ; ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವವನು ಅವನೇ.