ಅಜ್ಜಿಗೂ ಸುಕ್ಕಿತ್ತು

ಅಣ್ಣನ ಮಗಳ ಮದುವೆಗೆ ಹದಿನೈದು ದಿನವಿತ್ತು. ಹುಬ್ಬು ತೆಗೆಸಿಕೊಳ್ಳಲೆಂದು ನಾನೂ ನಾದಿನಿಯೂ ನಮ್ಮ ಬೀದಿಯ ಬ್ಯೂಟಿ ಪಾರ್ಲರಿಗೆ ಹೋಗಿದ್ದೆವು. ದಾರ ಹಿಡಿದ ಹುಡುಗಿ ನನ್ನ ಹುಬ್ಬುಗಳ ನಡುವೆ ಬೆರಳಿಟ್ಟು, "ಆಂಟೀ, ಇಲ್ಲಿ ಎರಡು ಗೆರೆ ಬಂದಿದೆ. ಈಗಲೇ ಏನಾದರೂ ಮಾಡಿಸ್ಕೊಳ್ಳಿ" ಎಂದಳು. ಏನು ಮಾಡಿಸಬೇಕೆಂದು ನಾನು ಕೇಳುವ ಮೊದಲೇ ಅಲ್ಲಿ ಕೂತಿದ್ದ ಹೆಂಗಸರು ಎರಡು ಪಕ್ಷವಾದರು. ಒಬ್ಬಾಕೆ ಬೊಟಾಕ್ಸ್ ಕಡೆ: "ಹತ್ತು ನಿಮಿಷದ ಕೆಲಸ ರೀ, ಗೊತ್ತೇ ಆಗಲ್ಲ." ಇನ್ನೊಬ್ಬಾಕೆ ಕೆನ್ನೆಗೆ ಕೈಹಚ್ಚಿ, "ಅಯ್ಯೋ, ಅದು ವಿಷ ಕಣ್ರೀ! ನಮ್ಮ ಅಜ್ಜಿಯರು ಇದನ್ನೆಲ್ಲ ಮಾಡಿಸಿಕೊಂಡಿದ್ರಾ? ಕಡಲೆಹಿಟ್ಟು, ಅರಿಸಿನ, ಕೆನೆ ಸಾಕು. ಎಲ್ಲಾ ನ್ಯಾಚುರಲ್ಲು" ಎಂದರು. ನಾದಿನಿ ಈ ಎರಡನೆಯ ಪಕ್ಷಕ್ಕೆ ತಲೆಯಾಡಿಸಿದಳು. ನಾನು ಸುಮ್ಮನಿದ್ದೆ. ಸಿಟ್ಟು ಬಂದದ್ದು ಮನೆಗೆ ಬಂದು ಕಾಫಿಗೆ ನೀರಿಟ್ಟ ಮೇಲೆ.

ವಿಷ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಹೌದು, ವಿಷವೇ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷ. ಗಾಳಿಯಾಡದ ಡಬ್ಬಿಯಲ್ಲಿ, ಸರಿಯಾಗಿ ಕಾಯಿಸದೆ ತುಂಬಿಟ್ಟ ಆಹಾರದಲ್ಲಿ ಬೆಳೆಯುತ್ತದೆ. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ, ಸಾವಿನ ಮನೆಗೆ ವಾದ್ಯ ಬಾರಿಸಲು ಬಂದವರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಕೆಲವರು ಸತ್ತೇ ಹೋದರು. ಆ ಮಾಂಸವನ್ನು ಪರೀಕ್ಷಿಸಿ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಈ ಜೀವಿಯನ್ನು ಪತ್ತೆ ಮಾಡಿದ. ಇದು ಸಾಮಾನ್ಯವಾಗಿ ವಾಸಿಸುವುದು ಎಲ್ಲಿ ಎಂದಿರಿ? ಮಣ್ಣಿನಲ್ಲಿ. ಮಣ್ಣಲ್ಲಿ ಹುಟ್ಟಿದ್ದಕ್ಕಿಂತ ನ್ಯಾಚುರಲ್ಲು ಇನ್ನು ಯಾವುದು ಬೇಕು ತಾಯಿ?

ಈ ವಿಷದ ಋಣ ನಮ್ಮ ಮನೆಯ ಮೇಲಿದೆ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ 2013ರಲ್ಲಿ ಕಣ್ಣು ಮುಚ್ಚಿಕೊಳ್ಳುವ ಕಾಯಿಲೆ ಶುರುವಾಯಿತು. ಮೊದಲು ಪಟಪಟ ರೆಪ್ಪೆ ಬಡಿಯುತ್ತಿದ್ದಳು. ಆಮೇಲೆ ರೆಪ್ಪೆಗಳು ತಾವಾಗಿ ಬಿಗಿದು ಮುಚ್ಚಿಕೊಂಡು ಎಷ್ಟು ಹೊತ್ತಾದರೂ ತೆರೆಯುತ್ತಿರಲಿಲ್ಲ. ಕಣ್ಣಿನಲ್ಲಿ ದೋಷವಿಲ್ಲ, ದೃಷ್ಟಿ ಚೆನ್ನಾಗಿದೆ, ಆದರೆ ಒಲೆಯ ಮುಂದೆ ಕುರುಡಿಯಂತೆ ತಡಕಾಡುತ್ತಾಳೆ. ಕನ್ನಡಕ ಬದಲಾಯಿಸಿದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದೂ ಆಯಿತು. ಕೊನೆಗೆ ಬೆಂಗಳೂರಿನ ಒಬ್ಬ ನರರೋಗ ತಜ್ಞರು ಇದು ಬ್ಲೆಫರೋಸ್ಪ್ಯಾಸಂ ಎಂದು ಹೇಳಿ ರೆಪ್ಪೆಯ ಸುತ್ತ ಸಣ್ಣ ಸೂಜಿಯಿಂದ ಇದೇ ಬೊಟುಲಿನಂ ಚುಚ್ಚಿದರು. ಐದಾರು ದಿನಕ್ಕೆ ಅಕ್ಕ ಫೋನ್ ಮಾಡಿ, "ಇವತ್ತು ಪೇಪರ್ ಪೂರ್ತಿ ಓದಿದೆ ಕಣೇ" ಎಂದಳು. ಅವತ್ತಿನಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಅವಳು ಬಸ್ಸು ಹತ್ತುತ್ತಾಳೆ.

ಅಮೆರಿಕದಲ್ಲಿ 1989ರಲ್ಲಿ ಈ ಔಷಧಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದೂ ಇಂಥ ಕಾಯಿಲೆಗೇ, ಮೆಳ್ಳೆಗಣ್ಣಿಗೆ ಮತ್ತು ಹೀಗೆ ಬಿಗಿಯುವ ರೆಪ್ಪೆಗೆ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ವರ್ಷಗಟ್ಟಲೆ ದುಡಿದು ತಂದದ್ದು. ಸುಕ್ಕು ಬಂದದ್ದು ಆಕಸ್ಮಿಕವಾಗಿ. ಕೆನಡಾದ ವ್ಯಾಂಕೂವರಿನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್ ಹತ್ತಿರ ರೆಪ್ಪೆಗೆ ಚುಚ್ಚಿಸಿಕೊಳ್ಳುತ್ತಿದ್ದ ಒಬ್ಬಾಕೆ, ಹುಬ್ಬಿನ ನಡುವೆ ಯಾಕೆ ಚುಚ್ಚಲಿಲ್ಲ, ಅಲ್ಲಿ ಚುಚ್ಚಿದರೆ ನನ್ನ ಮುಖದ ಬಿಗುವು ಹೋಗುತ್ತದೆ ಎಂದು ಕೇಳಿದಳಂತೆ. ಜೀನ್ ಅವರ ಗಂಡ ಅಲಸ್ಟೇರ್ ಚರ್ಮವೈದ್ಯರು. ಇಬ್ಬರೂ ಸೇರಿ ಇತರರ ಮೇಲೂ ನೋಡಿ 1992ರಲ್ಲಿ ಬರೆದು ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಹಾಗೆಂದು ನಾನು ಸೂಜಿಯ ಏಜೆಂಟಲ್ಲ. ನರ ಸ್ನಾಯುವಿಗೆ "ಬಿಗಿ" ಎಂದು ಕಳಿಸುವ ಸಂದೇಶವನ್ನು ಅದು ತಡೆಯುತ್ತದೆ, ಅಷ್ಟೇ. ಸ್ನಾಯು ಬಿಗಿಯದಿದ್ದರೆ ಚರ್ಮ ಮಡಿಸುವುದಿಲ್ಲ. ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊದಲಿನಂತೆ. ವರ್ಷಕ್ಕೆ ಮೂರು ಸಲವೆಂದರೂ ನಲವತ್ತೈದರಿಂದ ಅರವತ್ತರವರೆಗೆ ನಲವತ್ತೈದು ಸಲ. ಮನೆಸಾಲದ ಕಂತಾದರೂ ಒಂದು ದಿನ ಮುಗಿಯುತ್ತದೆ. ಜಾಗ ತಪ್ಪಿ ಚುಚ್ಚಿದರೆ ರೆಪ್ಪೆ ಜೋತು ಬಿದ್ದು ವಾರಗಟ್ಟಲೆ ಹಾಗೇ ಇರುತ್ತದೆ. ಬಸುರಿಯರಿಗೆ, ಎಳೆಮಗುವಿಗೆ ಹಾಲೂಡುವವರಿಗೆ ಬೇಡ ಎನ್ನುತ್ತಾರೆ. ನಿಜವಾದ ಭಯ ನನಗೆ ಬೇರೆಯದು: ಪಾರ್ಲರಿನ ಪರದೆಯ ಹಿಂದೆ ಚುಚ್ಚುವ ಕೈ ಯಾರದು, ಶೀಶೆ ಎಲ್ಲಿಯದು, ಅದನ್ನು ತಂಪಿನಲ್ಲಿಟ್ಟಿದ್ದರೋ ಇಲ್ಲವೋ. 2024ರಲ್ಲಿ ಅಷ್ಟು ಕಾಯಿದೆಯಿರುವ ಅಮೆರಿಕದಲ್ಲೇ ನಕಲಿ ಬೊಟಾಕ್ಸ್ ಚುಚ್ಚಿಸಿಕೊಂಡು ಹಲವರು ಆಸ್ಪತ್ರೆ ಸೇರಿದರು.

ಆದರೂ ಸೂಜಿ ತಾನು ಏನೆಂದು ಮುಚ್ಚಿಡುವುದಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಆ ಇನ್ನೊಂದು ಅಂಗಡಿಯ ಮೇಲೆ. ಕಡಲೆಹಿಟ್ಟು ಜಿಡ್ಡು ತೆಗೆಯುತ್ತದೆ. ಕೆನೆ ಒಣಚರ್ಮವನ್ನು ಮೆತ್ತಗೆ ಮಾಡುತ್ತದೆ, ಕೆಲವು ಗಂಟೆ ಮುಖ ನುಣುಪಾಗಿಯೂ ಕಾಣುತ್ತದೆ. ಇವು ಸ್ನಾಯುವಿನವರೆಗೆ ಇಳಿಯುವುದಿಲ್ಲ, ಗೆರೆ ಅಳಿಸುವುದಿಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಚರ್ಮ ಸುಟ್ಟು ಕಲೆಯಾಗುತ್ತದೆ, ಅದೂ ನ್ಯಾಚುರಲ್ಲೇ. ಮುಖದ ವ್ಯಾಯಾಮದ ಬಗ್ಗೆ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೇರಿದವರು 27 ಹೆಂಗಸರು, ಇಪ್ಪತ್ತು ವಾರ ಕಳೆದು ಕೊನೆ ಮುಟ್ಟಿದವರು 16. ಕೆನ್ನೆ ಸ್ವಲ್ಪ ತುಂಬಿಕೊಂಡಿತು ಎಂಬುದು ಫಲ. ಮೊದಲ ಎರಡು ತಿಂಗಳು ದಿನಾ ಅರ್ಧ ಗಂಟೆ ಮಾಡಬೇಕಿತ್ತು. ಉಳಿದ ಹನ್ನೊಂದು ಜನ ಯಾಕೆ ಬಿಟ್ಟರೆಂದು ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಟ್ಟಿಯಾಗಿ ನಿಂತ ಲೆಕ್ಕ ಒಂದಿದೆ. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಹೇಳಿದ್ದು: ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರದ್ದಕ್ಕಿಂತ 24 ಶೇಕಡಾ ಕಡಿಮೆ ಮುಪ್ಪಾಗಿತ್ತು. ಕಾರಣ ಬಿಸಿಲು. ಅಂದರೆ ಕೊಡೆ, ಸೆರಗು. ಕೊಡೆ ಹಿಡಿಯಿರಿ ಎಂದು ಹೇಳಿದರೆ ಪಾರ್ಲರಿಗೆ ದುಡ್ಡು ಹುಟ್ಟುವುದಿಲ್ಲ. ಅದೇ ಕಡಲೆಹಿಟ್ಟಿಗೆ ಬಂಗಾರದ ಬಣ್ಣದ ಚೀಟಿ ಅಂಟಿಸಿ ಮದುವೆ ಪ್ಯಾಕೇಜ್ ಎಂದರೆ ಹುಟ್ಟುತ್ತದೆ.

ಅಜ್ಜಿಯರ ಹೆಸರನ್ನು ಇದಕ್ಕೆ ಎಳೆದು ತರುತ್ತಾರಲ್ಲ, ಅದು ನನಗೆ ತಡೆಯಲಾಗದು. ನಮ್ಮಜ್ಜಿ ಪ್ರತಿ ವಾರ ಎಣ್ಣೆಸ್ನಾನ ಮಾಡಿ ಕಡಲೆಹಿಟ್ಟು ತಿಕ್ಕಿಕೊಂಡು, ಕೆನ್ನೆ ಹಳದಿಯಾಗುವಷ್ಟು ಅರಿಸಿನ ಹಚ್ಚಿಕೊಂಡವರು. ಅವರ ಮುಖದ ತುಂಬ ಸುಕ್ಕಿತ್ತು! ನಾವು ಮಕ್ಕಳು ಆ ಕೆನ್ನೆ ಹಿಡಿದು ಎಳೆದು, ಬಿಟ್ಟು, ಅದು ಮೆಲ್ಲಗೆ ಮೊದಲಿನ ಜಾಗಕ್ಕೆ ಹೋಗುವುದನ್ನು ನೋಡಿ ನಗುತ್ತಿದ್ದೆವು. ಅಜ್ಜಿ ಕಡಲೆಹಿಟ್ಟು ಹಚ್ಚಿದ್ದು ಎಣ್ಣೆ ಹೋಗಲೆಂದು, ಸುಕ್ಕು ಹೋಗಲೆಂದಲ್ಲ. ಇಲ್ಲಿ ಎರಡು ಗೆರೆ ಬಂದಿದೆ ಎಂದು ಅವರ ಹಣೆಗೆ ಬೆರಳಿಟ್ಟು ಯಾರೂ ಹೇಳಿರಲಿಲ್ಲ. ಸೂಜಿಯಂಗಡಿ, ಹಿಟ್ಟಿನಂಗಡಿ ಎರಡೂ ನಡೆಯುವುದು ಆ ಬೆರಳಿನಿಂದ. ಬೆರಳು ಯಾವಾಗಲೂ ಹೆಂಗಸಿನ ಹಣೆಗೇ. ಮದುಮಗಳ ತಂದೆಯಾದ ನನ್ನ ಅಣ್ಣ ಅದೇ ವಾರ ತಲೆಗೂ ಮೀಸೆಗೂ ಕಪ್ಪು ಹಚ್ಚಿಸಿಕೊಂಡು ಬಂದ. ಅದರಲ್ಲಿ ಏನಿದೆ, ವಿಷವೋ ನ್ಯಾಚುರಲ್ಲೋ ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮದುವೆಯ ದಿನ ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಹೆಂಗಸೊಬ್ಬರು ಅಕ್ಕನನ್ನೇ ನೋಡುತ್ತಿದ್ದರು. "ಹಣೆ ಎಷ್ಟು ಚೆನ್ನಾಗಿಟ್ಟುಕೊಂಡಿದ್ದೀರಿ! ಈ ವಯಸ್ಸಿಗೆ ಒಂದು ಗೆರೆಯಿಲ್ಲ. ಏನು ಹಚ್ಚುತ್ತೀರಿ?" ರೆಪ್ಪೆಯ ಜೊತೆಗೆ ಹುಬ್ಬಿನ ನಡುವೆಯೂ ಚುಚ್ಚಿಸಿಕೊಳ್ಳುವ ಅಕ್ಕ ಎಲೆಯಿಂದ ತಲೆಯೆತ್ತದೆ, "ಏನಿಲ್ಲಪ್ಪ, ಕಡಲೆಹಿಟ್ಟು" ಎಂದಳು. ಆಕೆಗೆ ಬಹಳ ಸಂತೋಷವಾಯಿತು.

ಕೈತೊಳೆಯುವಾಗ ನಾನು ಅಕ್ಕನನ್ನು ಕೇಳಿದೆ, ಯಾಕೆ ಹಾಗಂದೆ ಎಂದು. "ಇನ್ನೇನು ಹೇಳಲಿ?" ಎಂದಳು. "ಕಾಯಿಲೆ ಅಂದರೆ ಯಾರು ನಂಬುತ್ತಾರೆ? ಮುದುಕಿ ಚಂದಕ್ಕೆ ವಿಷ ಚುಚ್ಚಿಸಿಕೊಳ್ಳುತ್ತಾಳೆ ಅಂತಾರೆ."