ಬೀಗದ ಕೈ ಯಾರ ಕೈಯಲ್ಲಿದೆ?



ನಲ್ಲಿ ರಿಪೇರಿಗೆ ಬಂದ ಅಪರಿಚಿತನೊಬ್ಬ ಬೀರುವಿನ ಬೀಗದ ಕೈಯನ್ನೂ ಕೇಳಿದರೆ ಕೊಡುತ್ತೀರಾ? ಬೈದು ಅಟ್ಟುತ್ತೀರಿ. ಆದರೆ ಲಿನಕ್ಸ್ ಹಾಕಿದ ಗಣಕದ ಮುಂದೆ ಕುಳಿತಾಗ ನಿಮ್ಮ ಈ ಜಾಣತನ ಎಲ್ಲಿ ಹೋಗುತ್ತದೆ? ಯಾವುದೋ ಜಾಲತಾಣದಲ್ಲಿ ಕಂಡ ಒಂದು ಸಾಲನ್ನು ನಕಲು ಮಾಡಿ, ಟರ್ಮಿನಲ್ಲಿಗೆ ಅಂಟಿಸಿ, ಪಾಸ್‌ವರ್ಡ್ ಕುಟ್ಟಿ, ಎಂಟರ್ ಒತ್ತುತ್ತೀರಿ. ಆ ಸಾಲನ್ನು ಬರೆದವರು ಯಾರು? ಅದು ಏನು ಮಾಡುತ್ತದೆ? ಕೇಳುವುದೇ ಇಲ್ಲ!

'ಸುಡೋ' ಎಂಬ ಎರಡಕ್ಷರವನ್ನು ಮುಂದಿಟ್ಟು ಕೊಟ್ಟ ಆದೇಶಕ್ಕೆ ಗಣಕದ ಪರಮಾಧಿಕಾರ ಸಿಗುತ್ತದೆ. ಅದನ್ನೇ ರೂಟ್ ಅಧಿಕಾರ ಎನ್ನುವುದು. ಡೆಬಿಯನ್, ಉಬುಂಟುಗಳಲ್ಲಿ ತಂತ್ರಾಂಶ ಬರುವ 'ಡೆಬ್' ಪ್ಯಾಕೇಜನ್ನೇ ನೋಡಿ. ಅದರೊಳಗೆ ತಂತ್ರಾಂಶದ ಜೊತೆಗೆ, ಸ್ಥಾಪನೆಗೆ ಮುಂಚೆ ಮತ್ತು ಆಮೇಲೆ ತಾವಾಗಿಯೇ ಓಡುವ ಸ್ಕ್ರಿಪ್ಟುಗಳೂ ಇರಬಹುದು. ಅವು ಓಡುವುದು ರೂಟ್ ಅಧಿಕಾರದಲ್ಲಿ. ನೀವು ಹಾಕುತ್ತಿರುವುದು ಬರಿಯ ಗೋಡೆಚಿತ್ರ ಬದಲಿಸುವ ತಂತ್ರಾಂಶವೇ ಇರಲಿ, ಆ ಹೊತ್ತಿನಲ್ಲಿ ಅದು ನಿಮ್ಮ ಪತ್ರ, ಫೋಟೋ, ಬ್ಯಾಂಕಿನ ಕಾಗದ ಎಲ್ಲವನ್ನೂ ಮುಟ್ಟಬಲ್ಲದು.

ಇದು ಹೆದರಿಸುವ ಮಾತಲ್ಲ, ನಡೆದ ಮಾತು. ಆರ್ಚ್ ಲಿನಕ್ಸ್‌ನಲ್ಲಿ ಬಳಕೆದಾರರೇ ತುಂಬುವ 'ಎಯುಆರ್' ಎಂಬ ಭಂಡಾರವಿದೆ. ೨೦೨೫ರ ಜುಲೈ ೧೬ರಂದು ಅಲ್ಲಿಗೆ ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಝೆನ್ ಬ್ರೌಸರ್‌ಗಳ ಹೆಸರು ಹೊತ್ತ ಪ್ಯಾಕೇಜುಗಳು ಬಂದು ಕುಳಿತವು. 'ಪ್ಯಾಚ್', 'ಫಿಕ್ಸ್' ಎಂಬ ಬಣ್ಣದ ಬಾಲ ಬೇರೆ! ಒಳಗೆ ಅಡಗಿದ್ದದ್ದು ಗಣಕವನ್ನು ದೂರದಿಂದಲೇ ಆಳುವ ಕಳ್ಳ ತಂತ್ರಾಂಶ. ಎರಡು ದಿನದಲ್ಲಿ ಅವನ್ನು ಕಿತ್ತುಹಾಕಿದರು. ಅಷ್ಟರಲ್ಲಿ ಹಾಕಿಕೊಂಡವರ ಗತಿ? ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದಕ್ಕೂ ಮುಂಚೆ, ೨೦೧೮ರ ಮೇ ತಿಂಗಳಲ್ಲಿ, ಉಬುಂಟುವಿನ ಸ್ನ್ಯಾಪ್ ಅಂಗಡಿಯಲ್ಲಿದ್ದ ಒಂದು ಅಂಕಿಯಾಟದೊಳಗೆ ಗುಪ್ತ ಹಣ ಅಗೆಯುವ ಯಂತ್ರ ಸಿಕ್ಕಿತು. ಆಡುವವರು ಆಡುತ್ತಿದ್ದರು, ಅವರ ಗಣಕ ಇನ್ನೊಬ್ಬರಿಗೆ ದುಡಿಯುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಹಾಗಾದರೆ ಹೊರಗಿನ ತಂತ್ರಾಂಶವನ್ನು ಮುಟ್ಟಲೇಬಾರದೇ? ಹಾಗೆಂದು ಈ ಲೇಖನ ಹೇಳುತ್ತಿಲ್ಲ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎನ್ನುವುದು ಮೂರ್ಖತನ. ಯಾರೆಂದು ಕೇಳದೆ ಕದ ತೆರೆಯುವುದೂ ಅಷ್ಟೇ ಮೂರ್ಖತನ. ಕೇಳುವ ಕ್ರಮ ಒಂದಿದೆ, ಅದನ್ನು ಕಲಿಯಿರಿ.

ಮೊದಲು ಮನೆಯೊಳಗೆ ಹುಡುಕಿ. ೨೦೨೫ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ ೧೩ರ ಸ್ವಂತ ಭಂಡಾರದಲ್ಲಿ ೬೯,೦೦೦ಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಈ ಭಂಡಾರಕ್ಕೆ ಸಹಿಯ ಕಾವಲಿದೆ. ನಡುದಾರಿಯಲ್ಲಿ ಯಾರಾದರೂ ಪ್ಯಾಕೇಜು ತಿದ್ದಿದರೆ 'ಆಪ್ಟ್' ಅದನ್ನು ಒಪ್ಪುವುದಿಲ್ಲ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಬಿಡಿ ಡೆಬ್ ಕಡತಕ್ಕೆ ಈ ಪರೀಕ್ಷೆ ಇಲ್ಲ.

ಕನ್ನಡಿಗರಾದ ನಮಗೆ ಈ ಮಾತು ಇನ್ನಷ್ಟು ತಾಗಬೇಕು. ಕನ್ನಡ ಫಾಂಟು ಬೇಕು, ಕನ್ನಡ ಕೀಲಿಮಣೆ ಬೇಕು ಎಂದು ಎಷ್ಟು ಮಂದಿ ಗೊತ್ತುಗುರಿಯಿಲ್ಲದ ತಾಣಗಳಿಂದ ಕಡತ ಇಳಿಸುತ್ತಾರೆ! ಗುಬ್ಬಿ ಮತ್ತು ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಕನ್ನಡ ಟೈಪಿಸಲು 'ಐಬಸ್ ಎಂ೧೭ಎನ್' ಇದೆ. ಮುದ್ರಿತ ಕನ್ನಡ ಪುಟವನ್ನು ಅಕ್ಷರವಾಗಿಸುವ ಟೆಸೆರಾಕ್ಟ್‌ನ ಕನ್ನಡ ಕಡತವೂ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಚಾಳಿಯನ್ನು ಇಲ್ಲಿಯೂ ಮುಂದುವರಿಸಬೇಕೇ?

ಭಂಡಾರದಲ್ಲಿರುವ ಆವೃತ್ತಿ ಹಳೆಯದು ಎನ್ನುತ್ತೀರಾ? ನಿಜ, ಸ್ಥಿರತೆಗೆ ತೆರುವ ಬೆಲೆ ಅದು. ಅದಕ್ಕೆಂದೇ ಡೆಬಿಯನ್‌ನವರು 'ಬ್ಯಾಕ್‌ಪೋರ್ಟ್ಸ್' ಎಂಬ ತಮ್ಮದೇ ವಿಭಾಗ ಇಟ್ಟಿದ್ದಾರೆ. ಅಲ್ಲಿಯೂ ಸಿಗದಿದ್ದರೆ ಫ್ಲ್ಯಾಟ್‌ಪ್ಯಾಕ್ ನೋಡಿ. ಅದು ತಂತ್ರಾಂಶವನ್ನು ಒಂದು ಆವರಣದೊಳಗೆ ಓಡಿಸುತ್ತದೆ. ಆದರೆ ಆ ಆವರಣಕ್ಕೆ ಎಷ್ಟು ಕಿಟಕಿ ಇಟ್ಟಿದ್ದಾರೆ ಎಂದು ನೋಡಬೇಕಾದವರು ನೀವು. ನಿಮ್ಮ ಇಡೀ ಹೋಮ್ ಕಡತಕೋಶವನ್ನೇ ಓದುವ ಅನುಮತಿ ಪಡೆದಿದ್ದರೆ ಆವರಣ ಇದ್ದೂ ಇಲ್ಲದಂತೆ.

ತಂತ್ರಾಂಶ ತಯಾರಿಸಿದವರೇ ಸ್ವಂತ ಭಂಡಾರ ನಡೆಸುತ್ತಿದ್ದರೆ ಅದನ್ನು ಸೇರಿಸಬಹುದು. ಆಗ ಅವರ ಸಹಿಕೀಲಿಯನ್ನು ಪ್ರತ್ಯೇಕ ಕಡತದಲ್ಲಿಟ್ಟು, 'ಸೈನ್ಡ್-ಬೈ' ಎಂಬ ಸೂಚನೆಯಿಂದ ಅದನ್ನು ಅವರ ಭಂಡಾರಕ್ಕೆ ಮಾತ್ರ ಕಟ್ಟಿಹಾಕಿ. ಹಳೆಯ ಪಾಠಗಳಲ್ಲಿ ಬರುವ 'ಆಪ್ಟ್-ಕೀ' ಆದೇಶ ಹಾಗಲ್ಲ, ಅದರಿಂದ ಸೇರಿಸಿದ ಕೀಲಿ ಎಲ್ಲ ಭಂಡಾರಗಳಿಗೂ ನಡೆಯುತ್ತಿತ್ತು. ಡೆಬಿಯನ್ ೧೩ರಲ್ಲಿ ಆ ಆದೇಶವನ್ನೇ ತೆಗೆದುಹಾಕಿದ್ದಾರೆ. ಅದನ್ನು ಇನ್ನೂ ಬೋಧಿಸುವ ಪಾಠ ಕಂಡರೆ, ಅದು ಹಳಸಿದ ಅಡುಗೆ ಎಂದು ತಿಳಿಯಿರಿ. ಕೆಲವು ಡೆಬ್ ಕಡತಗಳು ಭಂಡಾರವನ್ನು ತಾವೇ ಸೇರಿಸಿಕೊಳ್ಳುತ್ತವೆ. ಗೂಗಲ್ ಕ್ರೋಮ್ ಹಾಗೆಯೇ ಮಾಡುತ್ತದೆ. ಅದರಿಂದ ಹೊಸ ಆವೃತ್ತಿ ತಪ್ಪದೆ ಬರುತ್ತದೆ, ಒಳ್ಳೆಯದೇ. ಆದರೆ ಆ ಬಾಗಿಲು ತೆರೆದಿದೆ ಎಂಬುದು ಮನೆಯ ಯಜಮಾನರಿಗೆ ಗೊತ್ತಿರಬೇಡವೇ?

ಇನ್ನು ಪಿಪಿಎ. ಉಬುಂಟುವಿನ ಲಾಂಚ್‌ಪ್ಯಾಡ್‌ನಲ್ಲಿ ಖಾತೆ ಇರುವ ಯಾರು ಬೇಕಾದರೂ ಪಿಪಿಎ ತೆರೆಯಬಹುದು. ಉಬುಂಟುವಿನ ತಾಣದಲ್ಲಿದೆ ಎಂದ ಮಾತ್ರಕ್ಕೆ ಉಬುಂಟು ತಂಡ ಅದನ್ನು ಪರೀಕ್ಷಿಸಿದೆ ಎಂದಲ್ಲ. ಉಬುಂಟುವಿಗೆ ಕಟ್ಟಿದ್ದನ್ನು ಡೆಬಿಯನ್‌ಗೆ ತುರುಕಿದರೆ ವ್ಯವಸ್ಥೆಯೇ ಕುಲಗೆಡುತ್ತದೆ. ಇಂಥ ಬೆರಕೆಗೆ ಡೆಬಿಯನ್‌ನವರೇ 'ಫ್ರಾಂಕನ್‌ಡೆಬಿಯನ್' ಎಂದು ಹೆಸರಿಟ್ಟಿದ್ದಾರೆ. ಗಣಕ ಕೈಕೊಟ್ಟ ಮೇಲೆ "ಲಿನಕ್ಸೇ ಸರಿಯಿಲ್ಲ" ಎಂದು ಗೊಣಗುವವರು, ತಾವು ಏನೇನು ತುಂಬಿದೆವು ಎಂಬ ಲೆಕ್ಕವನ್ನೂ ಕೊಡಲಿ!

ಕೆಲವು ಜಾಣರು ಕೇಳುತ್ತಾರೆ: "ಅಧಿಕೃತ ಭಂಡಾರಕ್ಕೂ ವಿಷ ಬರಲಿಲ್ಲವೇ?" ಬಂದಿತ್ತು. ೨೦೨೪ರಲ್ಲಿ 'ಎಕ್ಸ್‌ಝಡ್' ಎಂಬ ಕಡತ ಕುಗ್ಗಿಸುವ ತಂತ್ರಾಂಶದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟಿದ್ದರು. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ಹೆಸರಿನಿಂದಲೇ ಅದು ಒಳನುಗ್ಗಿತ್ತು. ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ. ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಏಕೆ ಎಂದು ಅವರು ಬೆನ್ನುಹತ್ತಿದರು. ಮಾರ್ಚ್ ೨೯ರಂದು ಲೋಕಕ್ಕೆ ಸಾರಿದರು. ವಿಷ ಡೆಬಿಯನ್‌ನ ಪರೀಕ್ಷಾ ವಿಭಾಗಗಳವರೆಗೆ ತಲುಪಿತ್ತು, ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಹೊಸತೆಲ್ಲವನ್ನೂ ಮೊದಲು ಹೊರಜಗಲಿಯಲ್ಲಿ ಕೂರಿಸುವ ಆ ನಿಧಾನವೇ ಕೋಟ್ಯಂತರ ಜನರನ್ನು ಕಾಯ್ದಿತು. ನೀವು ಅಂಟಿಸುವ ಆ ಒಂದು ಸಾಲಿಗೆ ಇಂಥ ಜಗಲಿ ಎಲ್ಲಿದೆ? ಅರ್ಧ ಸೆಕೆಂಡಿಗೆ ತಲೆಕೆಡಿಸಿಕೊಳ್ಳುವ ಫ್ರಾಯಿಂಡ್ ಎಲ್ಲಿದ್ದಾರೆ?

ಗೆಳೆಯರೇ, ಲಿನಕ್ಸ್ ನಿಮಗೆ ಕೊಟ್ಟ ಸ್ವಾತಂತ್ರ್ಯ ದೊಡ್ಡದು. ಆದರೆ ಕಾಯಲು ಬಾರದವರ ಕೈಯಲ್ಲಿ ಸ್ವಾತಂತ್ರ್ಯ ಎಷ್ಟು ದಿನ ಉಳಿದೀತು? ಇಂದೇ ಕುಳಿತು ನಿಮ್ಮ ಗಣಕದ 'ಸೋರ್ಸಸ್' ಪಟ್ಟಿ ತೆಗೆಯಿರಿ. ಯಾವ ಯಾವ ಭಂಡಾರಕ್ಕೆ ಬಾಗಿಲು ತೆರೆದಿದ್ದೀರಿ, ಒಂದೊಂದನ್ನೂ ಓದಿ. ಯಾರದೆಂದು ಹೇಳಲಾಗದ್ದನ್ನು ಅಳಿಸಿ. ಗೆಳೆಯರಿಗೂ ಹೇಳಿಕೊಡಿ. ಕನ್ನಡದ ಒಳ್ಳೆಯ ತಂತ್ರಾಂಶ ಯಾವುದಾದರೂ ಭಂಡಾರದ ಹೊರಗೆ ಅನಾಥವಾಗಿ ಉಳಿದಿದ್ದರೆ, ಪ್ಯಾಕೇಜು ಕಟ್ಟುವುದನ್ನು ಕಲಿತು ಅದನ್ನು ಒಳಗೆ ತನ್ನಿ. ಭಂಡಾರ ಕಾಯುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆಯೇ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರ ಸಾಲಿನಲ್ಲಿ ಕನ್ನಡದ ಹುಡುಗ ಹುಡುಗಿಯರು ಇನ್ನಷ್ಟು ಮಂದಿ ನಿಲ್ಲಬೇಕು. ನಿಲ್ಲುತ್ತೀರಲ್ಲವೇ?