ಗಣಕಯಂತ್ರದ ಶಾಖಕ್ಕೂ ಒಂದು ಲೆಕ್ಕವಿದೆ

ನವಿಲುತೀರ್ಥದ ಸುತ್ತಣ ಬೈಲಹೊಂಗಲ, ಸವದತ್ತಿ ಪೇಟೆಗಳ ಹತ್ತಿ ವರ್ತಕರಲ್ಲಿ ಲೆಕ್ಕಪರಿಶೋಧನೆಗೆ ಕುಳಿತಾಗ, ಗಣಕಯಂತ್ರವು ಕಾದು ಮಂದವಾಗಿ ಕೊನೆಗೆ ತಾನೇ ಆರಿಹೋಗುವುದನ್ನು ಅನೇಕ ಬಾರಿ ಕಂಡಿದ್ದೇನೆ. ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್ ಇದಕ್ಕೆ ಮದ್ದೆಂದು ಕೆಲವು ತರುಣ ಮಿತ್ರರು ಸೂಚಿಸುತ್ತಾರೆ. ನಾನು ಒಪ್ಪಲಾರೆ.

ವೇಗವನ್ನೂ ವೋಲ್ಟೇಜನ್ನೂ ತಲಾ ಶೇ. 10ರಷ್ಟು ಏರಿಸಿದರೆ ಶಾಖವು ಸುಮಾರು ಶೇ. 33ರಷ್ಟು ಹೆಚ್ಚುತ್ತದೆ. ಚಕ್ರಬಡ್ಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಫ್ಯಾನಾಗಲಿ, ನೀರಿನ ಕೂಲರಾಗಲಿ ಆ ಶಾಖವನ್ನು ಕೊನೆಗೆ ಕೋಣೆಯ ಗಾಳಿಗೇ ಬಿಡಬೇಕು. ನಮ್ಮ ಏಪ್ರಿಲ್ ತಿಂಗಳ ಗಾಳಿ ಎಂಥದೆಂದು ಎಲ್ಲರೂ ಬಲ್ಲರು.

ನಾನು ಕಂಡಂತೆ ದೋಷವಿರುವುದು ಹೀಟ್‌ಸಿಂಕಿನಲ್ಲಿ ಸಿಲುಕಿದ ಹತ್ತಿಯ ಎಳೆಗಳಲ್ಲಿ, ಒಣಗಿದ ಥರ್ಮಲ್ ಪೇಸ್ಟಿನಲ್ಲಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಿನ ಸೂಕ್ಷ್ಮ ಸಂದುಗಳಿಂದ ಗಾಳಿಯನ್ನು ಹೊರದೂಡುವುದಷ್ಟೇ ಪೇಸ್ಟಿನ ಕೆಲಸ. ದಪ್ಪಗೆ ಬಳಿದರೆ ಅದೇ ತಡೆಯಾಗುತ್ತದೆ. ವಿದ್ಯುತ್ ಹರಿಸದ ಸಾಧಾರಣ ಪೇಸ್ಟನ್ನೇ ಕೊಳ್ಳಿರಿ. ದ್ರವಲೋಹದ ಪೇಸ್ಟ್ ಶಾಖವನ್ನು ಹೆಚ್ಚು ಸಾಗಿಸುವುದು ನಿಜ. ಆದರೆ ಅದರಲ್ಲಿನ ಗ್ಯಾಲಿಯಂ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಿಂದುಹಾಕುತ್ತದೆ, ಚೆಲ್ಲಿದರೆ ಮದರ್‌ಬೋರ್ಡೇ ಹಾಳು.

ಈ ವೆಚ್ಚ ದುರಸ್ತಿ ಖರ್ಚು. ಅದೇ ವರ್ಷ ಪೂರ್ಣವಾಗಿ ಕಳೆಯಬಹುದು. ಹೊಸ ಯಂತ್ರ ಕೊಂಡರೆ ಸವಕಳಿ ಮಾತ್ರ. ಆ ದರವೂ 2017-18ರಿಂದ ಶೇ. 60ರಿಂದ 40ಕ್ಕೆ ಇಳಿದಿದೆ. ಮಾರ್ಚ್ ಅಂತ್ಯದ ಗಡಿಬಿಡಿಗೆ ಮುನ್ನ ಲೆಕ್ಕಗಳ ಬ್ಯಾಕಪ್ ತೆಗೆದಿರಿಸಿ, ಬಲ್ಲವರಿಂದ ಒಮ್ಮೆ ಪೆಟ್ಟಿಗೆಯನ್ನು ತೆರೆಸಿ ನೋಡಿರಿ.